ಮೆತ್ತನೆಯ ತಾಮ್ರ ಗಟ್ಟಿ ಉಕ್ಕನ್ನು ಕೊರೆಯುವ ಬಗೆ

ಲೇತ್ ಇರಲಿ, ಡ್ರಿಲ್ಲಿಂಗ್ ಮಷಿನ್ ಇರಲಿ, ಕೊರೆಯುವ ಟೂಲ್ ಎದುರಿನ ಲೋಹಕ್ಕಿಂತ ಗಟ್ಟಿಯಾಗಿರಲೇಬೇಕು. ಹದ ಹಾಕಿದ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಉಕ್ಕು, ಟಂಗ್‌ಸ್ಟನ್ ಕಾರ್ಬೈಡ್‌ನಂಥವು ಎದುರಾದರೆ ಟೂಲ್‌ ಬೇಗನೆ ಸವೆದು ಹೋಗುತ್ತದೆ. ಈ ಕಟ್ಟನ್ನೇ ಕಳಚಿ ಹಾಕಿದ್ದು ವಿದ್ಯುತ್ ಕಿಡಿ.

1943ರ ಸುಮಾರಿಗೆ ಸೋವಿಯತ್ ವಿಜ್ಞಾನಿ ದಂಪತಿ ಬೋರಿಸ್ ಮತ್ತು ನಟಾಲಿಯಾ ಲಜರೆಂಕೊ ತಲೆಕೆಡಿಸಿಕೊಂಡಿದ್ದು ಬೇರೆಯದೇ ಸಮಸ್ಯೆಗೆ: ಸ್ವಿಚ್‌ಗಳ ಟಂಗ್‌ಸ್ಟನ್ ಕಾಂಟ್ಯಾಕ್ಟ್‌ಗಳು ಕಿಡಿ ಹಾರಿ ಹಾರಿ ಸವೆಯುತ್ತಿದ್ದವು. ಸವೆತ ತಪ್ಪಿಸುವ ದಾರಿ ಹುಡುಕುತ್ತಲೇ, ಅದನ್ನು ಬೇಕಾದಲ್ಲಿ ಬೇಕಾದಷ್ಟೇ ಆಗಿಸಿದರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆಯಿತು. ಕಿಡಿಯಿಂದ ಲೋಹ ಕೊರೆಯುವ ಇಡಿಎಂ (ಎಲೆಕ್ಟ್ರಿಕಲ್ ಡಿಸ್ಚಾರ್ಜ್ ಮಷಿನಿಂಗ್) ಹುಟ್ಟಿದ್ದು ಹಾಗೆ.

ಟೂಲ್ ಆಗಿ ಕೆಲಸ ಮಾಡುವ ತಾಮ್ರ ಅಥವಾ ಗ್ರಾಫೈಟಿನ ಎಲೆಕ್ಟ್ರೋಡ್, ಕೊರೆಯಬೇಕಾದ ಉಕ್ಕು, ಎರಡೂ ವಿದ್ಯುತ್ ಹರಿಯಗೊಡದ ಎಣ್ಣೆಯಲ್ಲಿ ಮುಳುಗಿರುತ್ತವೆ. ನಡುವಿನ ಸಂದು ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟು. ಒಂದಕ್ಕೊಂದು ತಾಗುವುದೇ ಇಲ್ಲ. ವೋಲ್ಟೇಜ್ ಏರಿದಂತೆ, ಸಂದು ಅತಿ ಕಿರಿದಾದ ಕಡೆ ಎಣ್ಣೆಯ ತಡೆ ಮುರಿದು ಕಿಡಿ ಹಾರುತ್ತದೆ. ಅಲ್ಲಿನ ತಾಪ 8,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಚೂರು ಲೋಹ ಕರಗಿ ಆವಿಯಾಗುತ್ತದೆ, ವಿದ್ಯುತ್ ನಿಂತೊಡನೆ ಕಿಡಿಯ ಸುತ್ತ ಎದ್ದ ಆವಿಯ ಗುಳ್ಳೆ ಕುಸಿದು ಕರಗಿದ್ದನ್ನು ಹೊರಗೆ ಚಿಮ್ಮಿಸುತ್ತದೆ, ಪುಡಿಯನ್ನು ಎಣ್ಣೆ ತೊಳೆದೊಯ್ಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಇದೇ ಪಾಠ. ಕೊನೆಗೆ ಎಲೆಕ್ಟ್ರೋಡಿನ ಆಕಾರವೇ ಉಕ್ಕಿನಲ್ಲಿ ಅಚ್ಚಾಗಿ ಕೂರುತ್ತದೆ. ಇಲ್ಲಿ ಉಕ್ಕಿನ ಗಡಸುತನ ಲೆಕ್ಕಕ್ಕೇ ಬರುವುದಿಲ್ಲ, ಅದರಲ್ಲಿ ವಿದ್ಯುತ್ ಹರಿದರೆ ಸಾಕು. (ಎಲೆಕ್ಟ್ರೋಡೂ ಅಷ್ಟಿಷ್ಟು ಸವೆಯುತ್ತದೆ, ಪುಕ್ಕಟೆ ಏನೂ ಇಲ್ಲ.)

ವೈರ್ ಕಟ್ ಇದರದೇ ತಮ್ಮ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ಸುರುಳಿಯಿಂದ ಬಿಚ್ಚಿಕೊಳ್ಳುತ್ತಾ, ಕಿಡಿಗಳಿಂದಲೇ ದಪ್ಪ ಉಕ್ಕನ್ನು ಸೀಳುತ್ತದೆ. ಸವೆದ ತಂತಿ ಮುಂದೆ ಸಾಗಿ ಹೊಸದು ಬರುತ್ತಲೇ ಇರುವುದರಿಂದ ಅಳತೆ ಕೆಡುವುದಿಲ್ಲ.

ಗಾಜಿನಂಥ ವಿದ್ಯುತ್ ಹರಿಯದ ವಸ್ತುವಿಗೆ ಕಿಡಿ ನಡೆಯದು. ಅಲ್ಲಿ ಸೆಕೆಂಡಿಗೆ ಸುಮಾರು 20,000 ಸಲ ಕಂಪಿಸುವ ಅಲ್ಟ್ರಾಸಾನಿಕ್ ಟೂಲ್ ಅಪಘರ್ಷಕ (ಉಜ್ಜಿ ಸವೆಸುವ) ಪುಡಿಯನ್ನು ಬಡಿದು ಬಡಿದು ಕೊರೆಯುತ್ತದೆ, ಇಲ್ಲವೇ ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿ ಬೆರೆಸಿದ ನೀರಿನ ಜೆಟ್ ಕತ್ತರಿಸುತ್ತದೆ.

ಇಡಿಎಂನ ದೊಡ್ಡ ಕೊರತೆ ನಿಧಾನ. ಅದಕ್ಕಿಂತ ಎಚ್ಚರ ಬೇಕಾದದ್ದು, ಕರಗಿ ಮತ್ತೆ ಗಟ್ಟಿಯಾದ ಮೇಲ್ಪದರದ ಬಗ್ಗೆ ಎಂಬುದು ನನ್ನ ಎಣಿಕೆ: ಅದು ಪೆಡಸು, ಸೂಕ್ಷ್ಮ ಬಿರುಕುಗಳ ತವರು. ಪದೇ ಪದೇ ಹೊರೆ ಹೊರುವ ಭಾಗವಾದರೆ ಅದನ್ನು ತೆಗೆಯಲೇಬೇಕು. ಹೀಗಾಗಿ ಅಚ್ಚು ಮಾಡುವವರು ಹೆಚ್ಚಿನ ಲೋಹವನ್ನು ಮಿಲ್ಲಿಂಗ್‌ನಲ್ಲೇ ತೆಗೆದು, ಉಕ್ಕಿಗೆ ಹದ ಹಾಕಿ, ತಿರುಗುವ ಕಟರ್ ತಲುಪದ ಚೂಪು ಒಳಮೂಲೆಗಳನ್ನಷ್ಟೇ ಕಿಡಿಗೆ ಬಿಡುತ್ತಾರೆ.