ನಕಲು ಬೇರೆ, ನಕಲಿ ಬೇರೆ

‘ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಕಲಿ ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿ.’ ಈ ವಾಕ್ಯ ಸುದ್ದಿಗಳಲ್ಲಿ, ಕಾಲೇಜಿನ ಸುತ್ತೋಲೆಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಲೇ ಇದೆ. ಮಾಡುವುದು ನಕಲು. ನಕಲಿ ಎಂಬುದು ವಿಶೇಷಣ, ಯಾವುದಾದರೂ ನಾಮಪದದ ಗುಣ ಹೇಳಬೇಕು: ನಕಲಿ ನೋಟು, ನಕಲಿ ವೈದ್ಯ, ನಕಲಿ ಅಂಕಪಟ್ಟಿ. ಚೀಟಿ ತಂದವನನ್ನು ‘ನಕಲಿ ವಿದ್ಯಾರ್ಥಿ’ ಎಂದು ಬರೆಯುವುದಂತೂ ಪೂರ್ತಿ ತಪ್ಪು. ಅವನು ಅಸಲಿ ವಿದ್ಯಾರ್ಥಿಯೇ, ಮಾಡಿದ್ದು ನಕಲು. ಅವನ ಹಾಲ್ ಟಿಕೆಟ್ ಹಿಡಿದು ಬೇರೊಬ್ಬ ಬಂದು ಕೂತರೆ ಆ ಬೇರೊಬ್ಬ ನಕಲಿ.

ಮೂಲ ಅರಬ್ಬಿಯ ‘ನಕ್ಲ್’. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂದರ್ಥ. ಅರಬ್ ದೇಶಗಳಲ್ಲಿ ಸಾರಿಗೆಗೆ ಇಂದಿಗೂ ಇದೇ ಪದ. ಒಂದು ಹಾಳೆಯ ಬರಹವನ್ನು ಇನ್ನೊಂದಕ್ಕೆ ಇಳಿಸುವುದೂ ಸಾಗಾಟವೇ, ಹಾಗಾಗಿ ಪ್ರತಿ ಮಾಡುವುದೂ ನಕ್ಲ್. ಪಾರಸಿಯ ಕೈಹಿಡಿದು ಆಡಳಿತದ ಭಾಷೆಗೆ ಬಂದು, ಕನ್ನಡದಲ್ಲಿ ಕೊನೆಗೊಂದು ಉಕಾರ ಸೇರಿ ನಕಲು ಆಯಿತು. ಅಸ್ಲ್ ಎಂಬುದು ಅಸಲು ಆದದ್ದೂ ಹೀಗೆಯೇ. ಇಕಾರ ಹತ್ತಿದರೆ ಗುಣವಾಚಕ: ಅಸಲಿ, ನಕಲಿ. ತಾಲ್ಲೂಕು ಕಚೇರಿಯಲ್ಲಿ ‘ಪಹಣಿಯ ನಕಲು ಕೊಡಿ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ‘ನಕಲಿ ಪಹಣಿ’ ಎಂದರೆ ಕೇಸು ದಾಖಲಾಗುತ್ತದೆ. ನಕಲು ಎನ್ನುವಾಗ ಕೇಳುವುದು, ಇದು ಎಲ್ಲಿಂದ ಬಂತು? ನಕಲಿ ಎನ್ನುವಾಗ ಕೇಳುವುದು, ಇದು ತಾನು ಹೇಳಿಕೊಳ್ಳುವಂಥದ್ದು ಹೌದೇ?

ಪ್ರೋಗ್ರಾಮಿಂಗ್ ಲ್ಯಾಬ್ ಪರೀಕ್ಷೆಯಲ್ಲಿ ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿಯೇ ಎದುರಾಗುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನ (ಪಠ್ಯಕ್ರಮದ) ಅಲ್ಗಾರಿದಮ್ ಲ್ಯಾಬ್ ತೆಗೆದುಕೊಳ್ಳಿ. ಬರವಣಿಗೆಗೆ ಶೇ 20, ಪ್ರೋಗ್ರಾಂ ನಡೆಸಿ ಫಲಿತಾಂಶ ತೋರಿಸಲು ಶೇ 60, ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಶೇ 20. ಸಂಖ್ಯೆಗಳನ್ನು ಕ್ರಮವಾಗಿ ವಿಂಗಡಿಸುವ ಕ್ವಿಕ್ ಸಾರ್ಟ್ ಬಂತೆನ್ನಿ: 5000ಕ್ಕಿಂತ ದೊಡ್ಡ ಬೇರೆ ಬೇರೆ ಎನ್ (ಸಂಖ್ಯೆಗಳ ಎಣಿಕೆ) ಬೆಲೆಗಳಿಗೆ ಸಮಯ ಅಳೆದು ಗ್ರಾಫ್ ಎಳೆಯಬೇಕು. ಪಕ್ಕದವಳ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಓಡಿಸಿದರೆ ಔಟ್‌ಪುಟ್ ಅಪ್ಪಟ ಅಸಲಿ, ಯಾವ ಇನ್‌ಪುಟ್ ಕೊಟ್ಟರೂ ಸರಿ ಉತ್ತರ. ಆದರೂ ಅದು ನಕಲು. ಸಂಖ್ಯೆಗಳನ್ನು ಎರಡು ಪಾಲು ಮಾಡುವ ಪಾರ್ಟಿಷನ್ ಹಂತ ಯಾಕೋ ಕೈಕೊಟ್ಟಿತೆಂದು, ವಿಂಗಡಿಸಿದ ಸಂಖ್ಯೆಗಳನ್ನು, ಪರದೆಗೆ ಉತ್ತರ ತೋರಿಸುವ ಪ್ರಿಂಟ್‌ಎಫ್ ಒಳಗೆ ನೇರವಾಗಿ ಟೈಪಿಸಿಟ್ಟರೆ ಯಾರಿಂದಲೂ ಏನನ್ನೂ ಕದ್ದಿಲ್ಲ. ಆದರೂ ಔಟ್‌ಪುಟ್ ನಕಲಿ.

ನಕಲಿಯ ಇನ್ನೊಂದು ರೂಪ ಹೆಚ್ಚು ಸಾಮಾನ್ಯ, ಅದನ್ನು ತಪ್ಪೆಂದು ಬಗೆಯುವವರು ಮಾತ್ರ ಕಡಿಮೆ: ಸಮಯದ ರೀಡಿಂಗ್‌ಗಳನ್ನು ಮನಸ್ಸಿನಿಂದಲೇ ಬರೆಯುವುದು. ಇದಕ್ಕೊಂದು ತಾಂತ್ರಿಕ ಕಾರಣವಿದೆ. ಇಂದಿನ ಯಂತ್ರದಲ್ಲಿ 5000 ಸಂಖ್ಯೆಗಳ ಕ್ವಿಕ್ ಸಾರ್ಟ್ ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ವಿಂಡೋಸ್‌ನ ಕೆಲವು ಕಂಪೈಲರ್‌ಗಳಲ್ಲಿ ಸಮಯ ಅಳೆಯುವ ಕ್ಲಾಕ್ ಫಂಕ್ಷನ್ ಅದಕ್ಕಿಂತ ಸೂಕ್ಷ್ಮವಾಗಿ ಅಳೆಯುವುದೇ ಇಲ್ಲ. ಪರದೆಯ ಮೇಲೆ ಸೊನ್ನೆ ಬರುತ್ತದೆ, ವಿದ್ಯಾರ್ಥಿ ಗಾಬರಿಯಾಗಿ 0.02, 0.04, 0.06 ಎಂದು ಬರೆದುಬಿಡುತ್ತಾನೆ. ಸರಿದಾರಿ ಸುಲಭ: ಸಾರ್ಟನ್ನು 1000 ಸಲ ಲೂಪಿನಲ್ಲಿ ಓಡಿಸಿ ಒಟ್ಟು ಸಮಯವನ್ನು 1000ದಿಂದ ಭಾಗಿಸಿ. ಪ್ರತಿ ಸುತ್ತಿಗೂ ವಿಂಗಡಿಸದ ಅರೇಯನ್ನು (ಸಂಖ್ಯೆಗಳ ಸಾಲನ್ನು) ಮತ್ತೆ ತುಂಬಿಕೊಳ್ಳುವುದನ್ನು ಮರೆಯಬೇಡಿ. ಮರೆತರೆ ಎರಡನೇ ಸುತ್ತಿನಿಂದ ವಿಂಗಡಿಸಿದ ಅರೇಯೇ ಸಿಗುತ್ತದೆ, ಮೊದಲ ಅಂಶವೇ ಪಿವಟ್ (ಪಾಲು ಮಾಡಲು ಹೋಲಿಸುವ ಸಂಖ್ಯೆ) ಆಗಿದ್ದರೆ ಅದು ಕ್ವಿಕ್ ಸಾರ್ಟಿನ ಅತಿ ಕೆಟ್ಟ, ಅಂದರೆ ಅತಿ ನಿಧಾನದ, ಸ್ಥಿತಿ.

ಲ್ಯಾಬ್ ಮ್ಯಾನುಯಲ್ಲಿನ ಪ್ರೋಗ್ರಾಂ ಉರು ಹೊಡೆದು ಬರೆಯುವುದು ನಕಲೇ? ಅಲ್ಲ. ಕಲಿಕೆಯ ದೃಷ್ಟಿಯಿಂದ ಅದು ಬಡಪಾಯಿ ವಿಧಾನ, ನಿಜ. ಆದರೆ ನೆನಪಿನಿಂದ ಬರೆದದ್ದಕ್ಕೆ ನಕಲಿನ ಪಟ್ಟ ಕಟ್ಟುವುದು ಅನ್ಯಾಯ. ಅದರ ಬೆಲೆ ವೈವಾದಲ್ಲಿ ತಾನೇ ಗೊತ್ತಾಗುತ್ತದೆ. ಅಲೆಕ್ಸ್ ಐಕೆನ್ 1994ರಲ್ಲಿ ರೂಪಿಸಿದ ‘ಮಾಸ್’ ಎಂಬ, ಪ್ರೋಗ್ರಾಂಗಳ ನಡುವಿನ ಹೋಲಿಕೆ ಹುಡುಕಿ ನಕಲು ಪತ್ತೆಗೆ ನೆರವಾಗುವ ತಂತ್ರಾಂಶ ಕೂಡ ಈ ವ್ಯತ್ಯಾಸಕ್ಕೆ ಜಾಗ ಬಿಟ್ಟಿದೆ. ವೇರಿಯಬಲ್ ಹೆಸರು ಬದಲಿಸಿದರೆ ಅದು ಮೋಸ ಹೋಗುವುದಿಲ್ಲ. ಆದರೆ ಒಂದೇ ತುಣುಕು 10ಕ್ಕಿಂತ ಹೆಚ್ಚು ಪ್ರೋಗ್ರಾಂಗಳಲ್ಲಿ ಕಂಡರೆ, ಬೇರೆ ಮಿತಿ ಕೊಡದ ಹೊರತು, ಅದನ್ನು ಎಲ್ಲರಿಗೂ ಸಿಕ್ಕ ಸಾಮಾನ್ಯ ಕೋಡ್ ಎಂದೇ ಬಗೆದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಷ್ಟರು ಕೊಟ್ಟ ಮೂಲ ಫೈಲನ್ನು ಮೊದಲೇ ಹೊರಗಿಡುವ ಸೌಲಭ್ಯವೂ ಉಂಟು.

ಪರೀಕ್ಷಕರು ವರದಿ ಬರೆಯುವಾಗ ಪದ ತಪ್ಪಿದರೆ ಸಾಕ್ಷ್ಯವೂ ತಪ್ಪುತ್ತದೆ. ‘ನಕಲು’ ಎಂದು ಬರೆದರೆ ಮೂಲ ತೋರಿಸಬೇಕು: ಚೀಟಿ, ಪೆನ್‌ಡ್ರೈವ್, ಇನ್ನೊಬ್ಬರ ಫೈಲು. ‘ನಕಲಿ ಫಲಿತಾಂಶ’ ಎಂದು ಬರೆದರೆ ಮೂಲ ಹುಡುಕಬೇಕಾಗಿಲ್ಲ. ಇನ್‌ಪುಟ್ ಬದಲಿಸಿ ಎದುರಿಗೇ ಮತ್ತೊಮ್ಮೆ ಓಡಿಸಿ, ಕೊಟ್ಟದ್ದೇನು, ಬಂದದ್ದೇನು ಎಂದು ಬರೆದುಕೊಂಡರೆ ಸಾಕು.