ಪದವೀಧರರ ಕ್ಷೇತ್ರ: ಪ್ರಚಾರ ಆರಂಭವಾಗುವುದು ನಮೂನೆ 18ರಿಂದ

ಹಾಲಿ ಸದಸ್ಯರು ಈ ಸಲ ಕಣದಲ್ಲಿಲ್ಲ ಎಂದು ಖಚಿತವಾದ ಕೂಡಲೇ ಆಕಾಂಕ್ಷಿಗಳ ಫ್ಲೆಕ್ಸ್‌ಗಳು ಏಳತೊಡಗುತ್ತವೆ. ಎಣಿಕೆ ಏಜೆಂಟನಾಗಿ ಹಲವು ರಾತ್ರಿ ಕಳೆದಿರುವ ವಕೀಲನಾದ ನಾನು ಅವರನ್ನು ಮೊದಲು ಕೇಳುವುದು, ನಮೂನೆ 18, ಅಂದರೆ ಪದವೀಧರರ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ಎಷ್ಟು ತುಂಬಿಸಿದ್ದೀರಿ ಎಂದು.

ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರವು. ಈ ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸುವುದರಿಂದ, ಕಳೆದ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಲೇಬೇಕು. ಅರ್ಹತಾ ದಿನಾಂಕವಾದ ನವೆಂಬರ್ 1ಕ್ಕೆ ಪದವಿ ಮುಗಿದು ಕನಿಷ್ಠ 3 ವರ್ಷವಾಗಿರಬೇಕು, ಕ್ಷೇತ್ರದಲ್ಲೇ ವಾಸವಿರಬೇಕು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದೆಯಲ್ಲ ಎಂದು ನಂಬಿ ಸುಮ್ಮನಿದ್ದು, ಮತದಾನದ ದಿನ ಮತಗಟ್ಟೆಯಿಂದ ಹಿಂತಿರುಗಿದ ಉಪನ್ಯಾಸಕರನ್ನೂ ನಾನು ಕಂಡಿದ್ದೇನೆ. ನೈಋತ್ಯ ಕ್ಷೇತ್ರವನ್ನೇ ನೋಡಿ: ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಕೊಡಗು ಜಿಲ್ಲೆಗಳ ಜೊತೆಗೆ ದಾವಣಗೆರೆಯ ಕೆಲವು ಭಾಗ. ಹೊನ್ನಾಳಿಯಿಂದ ಸುಳ್ಯದವರೆಗೆ ಮನೆಮನೆಗೆ ಹೋಗುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ವಕೀಲರ ಸಂಘ, ಕಾಲೇಜು, ಬ್ಯಾಂಕುಗಳಿಗೆ ಅರ್ಜಿಯ ಕಟ್ಟು ಹಿಡಿದು ಹೋಗಿ, ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿಯನ್ನು ಅಲ್ಲೇ ಸೇರಿಸುವ ಕಾರ್ಯಕರ್ತನ ಒಂದು ಗಂಟೆ ನನ್ನ ಲೆಕ್ಕದಲ್ಲಿ ಒಂದು ಸಮಾವೇಶಕ್ಕಿಂತ ದೊಡ್ಡದು.

ಇನ್ನು ಮತಪತ್ರ. ಇಲ್ಲಿ ಮತಯಂತ್ರವಿಲ್ಲ, ಚಿಹ್ನೆಯೂ ಇಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದಲೇ, ಮೆಚ್ಚಿದ ಅಭ್ಯರ್ಥಿಯ ಹೆಸರಿನ ಮುಂದೆ 1 ಎಂದು ಅಂಕಿಯಲ್ಲಿ ಬರೆಯಬೇಕು. ಉಳಿದವರಿಗೆ 2, 3 ಎಂದು ಮುಂದಿನ ಆಯ್ಕೆಯ ಕ್ರಮ, ಅಂದರೆ ಪ್ರಾಶಸ್ತ್ಯ, ಬರೆಯುವುದು ಮತದಾರರ ಇಷ್ಟಕ್ಕೆ ಬಿಟ್ಟದ್ದು. ಒಂದು ಎಣಿಕೆಯ ರಾತ್ರಿ ನಮ್ಮ ಮೇಜಿಗೆ ಬಂದ ಮತಪತ್ರದಲ್ಲಿ ನಮ್ಮ ಅಭ್ಯರ್ಥಿಯ ಹೆಸರಿನ ಮುಂದೆ ದುಂಡಗಿನ ಅಕ್ಷರದಲ್ಲಿ ‘ಒಂದು’ ಎಂದಿತ್ತು. ಆ ಮತದಾರರ ಮನಸ್ಸಿನಲ್ಲಿ ಯಾರಿದ್ದರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಆದರೂ ಅದು ಅಸಿಂಧು, ಏಕೆಂದರೆ ನಿಯಮ ಕೇಳುವುದು ಅಂಕಿಯನ್ನು, ಪದವನ್ನಲ್ಲ. ಕನ್ನಡದ ೧ ಬರೆದಿದ್ದರೂ ಸಿಂಧುವಾಗುತ್ತಿತ್ತು. ಟಿಕ್ ಗುರುತು, ಸಹಿ, ಇಬ್ಬರಿಗೆ 1, ಸ್ವಂತ ಪೆನ್ನು, ಇವೆಲ್ಲವೂ ಅದೇ ಕಟ್ಟಿಗೆ ಸೇರುತ್ತವೆ. ಓದಿದವರಿಗೆ ಇದನ್ನು ಹೇಳಿಕೊಡುವುದು ಅವಮಾನವೆಂದು ಅಭ್ಯರ್ಥಿಗಳು ಹಿಂಜರಿಯುತ್ತಾರೆ. ಆ ಹಿಂಜರಿಕೆಯ ಬೆಲೆಯನ್ನು ಎಣಿಕೆಯ ಮೇಜಿನಲ್ಲಿ ತೆರುತ್ತಾರೆ.

ಗೆಲ್ಲಲು ಸಿಂಧು ಮತಗಳ ಅರ್ಧಕ್ಕೆ ಒಂದು ಸೇರಿಸಿದಷ್ಟು ಮತ ಬೇಕು. ಯಾರಿಗೂ ಅಷ್ಟು ಬಾರದಿದ್ದರೆ ಕೊನೆಯ ಸ್ಥಾನದಲ್ಲಿರುವವರನ್ನು ಹೊರಗಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚುತ್ತಾರೆ. ‘ನನಗೆ 1 ಕೊಡಿ, ಬೇರೆ ಯಾರಿಗೂ 2 ಕೊಡಬೇಡಿ’ ಎಂದು ಬೆಂಬಲಿಗರಿಗೆ ಹೇಳಿಕೊಡುವವರು ಬಹಳ ಮಂದಿ. ಇದು ತಪ್ಪು ಸಲಹೆ. ಮೊದಲ ಆಯ್ಕೆಯವರು ಕಣದಲ್ಲಿರುವವರೆಗೆ ಎರಡನೆಯ ಅಂಕಿಯನ್ನು ಯಾರೂ ನೋಡುವುದೇ ಇಲ್ಲ. ಅವರು ಹೊರಬಿದ್ದ ಮೇಲೆ ಮುಂದಿನ ಅಂಕಿಯಿಲ್ಲದ ಮತಪತ್ರ ಬದಿಗೆ ಸರಿಯುತ್ತದೆ, ಬರೆದವರ ಮಾತು ಅಲ್ಲಿಗೇ ನಿಲ್ಲುತ್ತದೆ. ಬಹುಕೋನ ಸ್ಪರ್ಧೆಯಲ್ಲಿ ನಾನು ಅಭ್ಯರ್ಥಿಗಳನ್ನು ಎದುರಾಳಿಯ ಊರಿಗೇ ಕಳಿಸುತ್ತೇನೆ. ಅಲ್ಲಿನ ಸ್ಟಾಫ್ ರೂಮಿನಲ್ಲಿ ಕುಳಿತು, ‘ಮೊದಲನೆಯದು ನಿಮ್ಮವರಿಗೇ ಇರಲಿ ಸರ್, ಎರಡನೆಯದನ್ನು ನನಗೆ ಕೊಡಿ’ ಎಂದು ಕೇಳಬೇಕು.