ಸಿರಾಮಿಕ್ ಪುಡಿ ಬೆರೆತ ಅವಾಹಕ: ಸೋಲು ಎಲ್ಲಿ ಶುರುವಾಗುತ್ತದೆ?

ವಿದ್ಯುತ್ ಹರಿಯದಂತೆ ತಡೆಯುವ ಅವಾಹಕಗಳನ್ನು ಎರೆಯುವ ರೆಸಿನ್ ಇಪಾಕ್ಸಿ. ಅದರಲ್ಲಿ ಶೇ 60ರಷ್ಟು ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್ ಪುಡಿ, ಇದೆ ಎಂದು ಯಾರಾದರೂ ಹೇಳಿದರೆ, ತೂಕದಲ್ಲೋ ಗಾತ್ರದಲ್ಲೋ ಎಂದು ಮೊದಲು ಕೇಳುತ್ತೇನೆ. ಉತ್ತರ ಬಹುತೇಕ ಯಾವಾಗಲೂ ತೂಕದಲ್ಲಿಯೇ ಇರುತ್ತದೆ, ಏಕೆಂದರೆ ತಕ್ಕಡಿಯಲ್ಲಿ ತೂಗಿ ಬೆರೆಸುವುದು ಸುಲಭ. ಅಲ್ಯುಮಿನಾದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.95 ಗ್ರಾಂ, ಇಪಾಕ್ಸಿಯದು 1.2. ಲೆಕ್ಕ ಹಾಕಿ ನೋಡಿದರೆ ತೂಕದ 60 ಗಾತ್ರದಲ್ಲಿ ಬರಿಯ 31 ಆಗುತ್ತದೆ. ಅಂದರೆ ಎರಕದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜಾಗ ಇನ್ನೂ ರೆಸಿನ್ನಿನದೇ. ಶಾಖವಾಗಲಿ ವಿದ್ಯುತ್ ಕ್ಷೇತ್ರವಾಗಲಿ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಷ್ಟೊಂದು ಪುಡಿಯನ್ನು ಬೆರೆಸುವುದಾದರೂ ಏಕೆ? ವಿದ್ಯುತ್ ತಡೆಯುವ ಶಕ್ತಿ ಹೆಚ್ಚಲಿ ಎಂದು ಹಲವರು ಭಾವಿಸುತ್ತಾರೆ. ವಾಸ್ತವ ಅದಕ್ಕೆ ವಿರುದ್ಧವಾಗಿದೆ: ಮೈಕ್ರಾನ್ ಅಳತೆಯ ಪುಡಿ ಬೆರೆತ ಇಪಾಕ್ಸಿ ಅಲ್ಪಾವಧಿಯ ಬ್ರೇಕ್‌ಡೌನ್ ಪರೀಕ್ಷೆಯಲ್ಲಿ (ಯಾವ ವೋಲ್ಟೇಜ್‌ಗೆ ಅವಾಹಕ ಸೋತು ವಿದ್ಯುತ್ ಹರಿಯಬಿಡುತ್ತದೆ ಎಂದು ನೋಡುವುದು) ಸಾಮಾನ್ಯವಾಗಿ ಬರಿಯ ಇಪಾಕ್ಸಿಗಿಂತ ಕಡಿಮೆ ಅಂಕ ಪಡೆಯುತ್ತದೆ. ಪುಡಿಯ ಮೊದಲ ಕೆಲಸ ಬಿರುಕು ತಡೆಯುವುದು. ಬರಿಯ ಇಪಾಕ್ಸಿ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 60 ಭಾಗದ ಆಸುಪಾಸು ಹಿಗ್ಗುತ್ತದೆ, ತಾಮ್ರ 17 ಭಾಗ, ಅಲ್ಯುಮಿನಿಯಂ 23 ಭಾಗ. ನೂರು ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಗಟ್ಟಿಯಾದ ಎರಕ ತಣ್ಣಗಾಗುವಾಗ ರೆಸಿನ್ ಒಳಗಿನ ಲೋಹವನ್ನು ಹಿಡಿದು ಹಿಂಡುತ್ತದೆ, ಕೊನೆಗೆ ತಾನೇ ಸೀಳುತ್ತದೆ. ತೂಕದಲ್ಲಿ ಶೇ 60ರಿಂದ 65ರಷ್ಟು ಸಿಲಿಕಾ ಸೇರಿಸಿದರೆ ಹಿಗ್ಗುವಿಕೆ 30ರಿಂದ 40 ಭಾಗಕ್ಕೆ ಇಳಿಯುತ್ತದೆ. ಕ್ಯೂರಿಂಗ್, ಅಂದರೆ ರೆಸಿನ್ ಗಟ್ಟಿಯಾಗುವ, ಸಮಯದ ಕುಗ್ಗುವಿಕೆಯೂ ರಾಸಾಯನಿಕ ಕ್ರಿಯೆಯ ಬಿಸಿಯೂ ತಗ್ಗುತ್ತವೆ. ಸಿಲಿಕಾ ಪುಡಿ ರೆಸಿನ್ನಿಗಿಂತ ಅಗ್ಗ ಎಂಬ ಕಾರಣವನ್ನು ಪ್ರಬಂಧಗಳಲ್ಲಿ ಯಾರೂ ಬರೆಯುವುದಿಲ್ಲ, ಆದರೆ ಕಾರ್ಖಾನೆಯಲ್ಲಿ ಅದು ಸಣ್ಣ ಕಾರಣವಲ್ಲ.

ಒಳಗಿನ ಶಾಖವನ್ನು ಹೊರಗೆ ಒಯ್ಯಲಿ ಎಂದು ಪುಡಿ ಬೆರೆಸುವವರಿಗೆ ನಿರಾಸೆ ಇನ್ನೂ ದೊಡ್ಡದು. ಇಪಾಕ್ಸಿಯ ಉಷ್ಣವಾಹಕತೆ ಮೀಟರ್-ಕೆಲ್ವಿನ್ ಒಂದಕ್ಕೆ 0.2 ವ್ಯಾಟ್, ಅಲ್ಯುಮಿನಾದ್ದು 30. ಮೂರನೇ ಒಂದು ಭಾಗ ಅಲ್ಯುಮಿನಾ ತುಂಬಿದರೆ 10 ಬಂದೀತು ಎಂದು ಮನಸ್ಸು ಹೇಳುತ್ತದೆ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1873ರಲ್ಲಿ ವಿದ್ಯುತ್ ವಹನಕ್ಕಾಗಿ ಕೊಟ್ಟ ಸೂತ್ರ ಶಾಖಕ್ಕೂ ಹೊಂದುತ್ತದೆ. ಅದರ ಪ್ರಕಾರ ಕಣಗಳ ವಾಹಕತೆ ಅನಂತವೇ ಆದರೂ, ಗಾತ್ರದಲ್ಲಿ 31 ಪ್ರತಿಶತಕ್ಕೆ ಮಿಶ್ರಣದ ವಾಹಕತೆ ಹೆಚ್ಚುವುದು ಸುಮಾರು 2.3 ಪಟ್ಟು ಮಾತ್ರ. ಕಣಗಳು ಒಂದಕ್ಕೊಂದು ತಾಗದ ದ್ವೀಪಗಳು. ಶಾಖ ಪ್ರತಿ ಬಾರಿಯೂ ರೆಸಿನ್ ದಾಟಿಯೇ ಹೋಗಬೇಕು. ನಿಜವಾದ ಎರಕದಲ್ಲಿ ಕೆಲವು ಕಣಗಳು ಸಾಲುಗಟ್ಟುವುದರಿಂದ ಫಲಿತಾಂಶ ಇದಕ್ಕಿಂತ ಒಂದಿಷ್ಟು ಮೇಲಿರುತ್ತದೆ. ಆದರೂ, 30ರ ಬದಲು 200 ಇರುವ ದುಬಾರಿ ಪುಡಿಯನ್ನು ಇದೇ ಪ್ರಮಾಣದಲ್ಲಿ ಹಾಕಿದರೆ ಹಣ ಹೋಗುತ್ತದೆ, ಬಿಸಿ ಅಲ್ಲೇ ಉಳಿಯುತ್ತದೆ.

ಪುಡಿಯ ಪ್ರಮಾಣ ಹೆಚ್ಚಿಸುವುದೇ ದಾರಿ ಎಂದಾದರೆ ಅದಕ್ಕೂ ಮಿತಿ ಇದೆ. ಒಂದೇ ಅಳತೆಯ ಗೋಳಗಳನ್ನು ಹೇಗೆಂದರೆ ಹಾಗೆ ಸುರಿದರೆ ಜಾಗದ ಶೇ 64ರಷ್ಟು ಮಾತ್ರ ತುಂಬುತ್ತವೆ. ಅದಕ್ಕೆ ಬಹಳ ಮೊದಲೇ ರೆಸಿನ್ ಹರಿಯುವುದನ್ನು ನಿಲ್ಲಿಸಿ ಮುದ್ದೆಯಾಗುತ್ತದೆ. ದೊಡ್ಡ ಕಣಗಳ ಸಂದಿನಲ್ಲಿ ಸಣ್ಣವು ಕೂರುವಂತೆ ಎರಡು ಮೂರು ಅಳತೆಗಳನ್ನು ಬೆರೆಸುವುದು ಒಂದು ಉಪಾಯ. ಹೆಕ್ಸಾಗೊನಲ್ ಬೋರಾನ್ ನೈಟ್ರೈಡ್ ಇನ್ನೊಂದು. ಅದರ ಚಪ್ಪಟೆ ಹರಳು ಹಾಳೆಯ ದಿಕ್ಕಿನಲ್ಲಿ ಶಾಖವನ್ನು ಚೆನ್ನಾಗಿ ಒಯ್ಯುತ್ತದೆ, ಅಡ್ಡಲಾಗಿ ಬಹಳ ಕಡಿಮೆ. ಎರಕ ಹರಿಯುವಾಗ ಹರಳುಗಳು ಮಲಗಿಬಿಟ್ಟರೆ ಶಾಖ ಹಾಳೆಯುದ್ದಕ್ಕೂ ಹರಡುತ್ತದೆಯೇ ಹೊರತು ಆಚೆ ಬದಿಗೆ ದಾಟುವುದಿಲ್ಲ. ಅವಾಹಕ ಹಾಳೆಗೆ ಬೇಕಾದದ್ದು ದಾಟುವುದೇ.

ನನಗೆ ಹೆಚ್ಚು ಆತಂಕ ತರುವುದು ಖಾಲಿ ಜಾಗ: ಗಾಳಿಗುಳ್ಳೆ ಮತ್ತು ಕಣದಿಂದ ಬಿಟ್ಟುಕೊಂಡ ರೆಸಿನ್ನಿನ ಬಿರುಕು. ವಿದ್ಯುತ್ ಕ್ಷೇತ್ರದಲ್ಲಿ ವಸ್ತು ಎಷ್ಟು ಧ್ರುವೀಕರಣಗೊಳ್ಳುತ್ತದೆ ಎಂಬುದರ ಅಳತೆ ಸಾಪೇಕ್ಷ ಪರ್ಮಿಟಿವಿಟಿ; ಬರಿಯ ಇಪಾಕ್ಸಿಯದು 4ರ ಹತ್ತಿರ, ಅಲ್ಯುಮಿನಾದ್ದು 9ರಿಂದ 10. ಮೇಲೆ ಹೇಳಿದ ಮಿಶ್ರಣದಲ್ಲಿ ಅದು ಅಂದಾಜು 5.5 ಎಂದುಕೊಳ್ಳಿ. ಕ್ಷೇತ್ರಕ್ಕೆ ಅಡ್ಡಲಾಗಿ ಮಲಗಿದ ತೆಳು ಬಿರುಕಿನೊಳಗಿನ ಗಾಳಿಯ ಮೇಲೆ, ಸುತ್ತಲಿನ ಕ್ಷೇತ್ರದ, ಸುತ್ತಲಿನ ವಸ್ತುವಿನ ಪರ್ಮಿಟಿವಿಟಿಯಷ್ಟು ಪಟ್ಟು ಕ್ಷೇತ್ರ ಬೀಳುತ್ತದೆ. ಸುತ್ತಲಿನ ಕ್ಷೇತ್ರದ ಗರಿಷ್ಠ ಬೆಲೆ ಮಿಲಿಮೀಟರಿಗೆ 2 ಕಿಲೋವೋಲ್ಟ್ ಇದ್ದು, ಬಿರುಕು 0.1 ಮಿಲಿಮೀಟರ್ ದಪ್ಪವಿದ್ದರೆ, ಬರಿಯ ಇಪಾಕ್ಸಿಯಲ್ಲಿ ಅದರ ಪಾಲಿಗೆ ಬರುವುದು 0.8 ಕಿಲೋವೋಲ್ಟ್, ಪುಡಿ ತುಂಬಿದ್ದರಲ್ಲಿ 1.1. ವಾತಾವರಣದ ಒತ್ತಡದಲ್ಲಿ ಅಷ್ಟು ತೆಳುವಾದ ಗಾಳಿ ಸುಮಾರು 1 ಕಿಲೋವೋಲ್ಟ್‌ಗೆ ಸೋಲುತ್ತದೆ. ಅದೇ ಬಿರುಕು ಒಂದರಲ್ಲಿ ಸುಮ್ಮನಿದ್ದು ಇನ್ನೊಂದರಲ್ಲಿ ಪಾರ್ಶಿಯಲ್ ಡಿಸ್ಚಾರ್ಜ್, ಅಂದರೆ ಖಾಲಿ ಜಾಗದೊಳಗಷ್ಟೇ ಸಿಡಿಯುವ ಕಿಡಿ, ಶುರುಮಾಡಬಹುದು. ಪ್ರತಿ ಸೈಕಲ್‌ಗೂ ಸಿಡಿಯುವ ಈ ಕಿರು ಡಿಸ್ಚಾರ್ಜ್‌ಗಳು ರೆಸಿನ್ನನ್ನು ಒಳಗಿಂದಲೇ ಕೊರೆಯುತ್ತವೆ. ಬೇಡದ ಜಾಗದಲ್ಲಿ ಪರ್ಮಿಟಿವಿಟಿ ಏರಿಸುವ ಪುಡಿಗಳ ಬಗ್ಗೆ, ಟೈಟಾನಿಯಂ ಡೈಆಕ್ಸೈಡ್ ಮತ್ತು ಬೇರಿಯಂ ಟೈಟನೇಟ್‌ಗಳ ಬಗ್ಗೆ ವಿಶೇಷವಾಗಿ, ನನಗೆ ಅನುಮಾನ ಇರುವುದು ಇದೇ ಕಾರಣಕ್ಕೆ. ಕೇಬಲ್ ತುದಿಗಳಲ್ಲಿ ಕ್ಷೇತ್ರವನ್ನು ಹಂಚಲು ಅಂಥ ಪುಡಿ ಬೇಕು. ಎರಕದ ಉದ್ದಕ್ಕೂ ಬೇಡ.

ಕಣಕ್ಕೂ ರೆಸಿನ್ನಿಗೂ ನಡುವಿನ ಅಂಚು ಬಿಟ್ಟುಕೊಳ್ಳದಂತೆ ಹಿಡಿಯುವುದು ಸಿಲೇನ್ ಲೇಪ. ಅಣುವಿನ ಒಂದು ತುದಿ ಆಕ್ಸೈಡ್ ಮೇಲ್ಮೈಗೆ ಅಂಟುತ್ತದೆ, ಇನ್ನೊಂದು ರೆಸಿನ್ನಿನೊಡನೆ ಬೆಸೆಯುತ್ತದೆ. ಬೇಕಾಗುವುದು ಪುಡಿಯ ತೂಕದ ಶೇ 1ರ ಆಸುಪಾಸು ಮಾತ್ರ. ಅದಿಲ್ಲದಿದ್ದರೆ ತೇವಾಂಶ ಅಂಚಿನ ಉದ್ದಕ್ಕೂ ನುಸುಳುತ್ತದೆ, ಮತ್ತು ನೀರಿನ ಪರ್ಮಿಟಿವಿಟಿ 80. ಒಣ ಮಾದರಿಯ ಮೇಲೆ ತೆಗೆದ ಅಂಕಿಗಳಿಂದ ಈ ದೋಷ ಕಾಣುವುದೇ ಇಲ್ಲ. ಮಾದರಿಯನ್ನು ನೀರಿನಲ್ಲಿ ಕುದಿಸಿ ಮತ್ತೆ ಅಳೆದಾಗ ಲೇಪವಿದ್ದ ಪುಡಿಯೂ ಇಲ್ಲದ ಪುಡಿಯೂ ಬೇರೆಯಾಗುತ್ತವೆ.

ಯಾವ ಪುಡಿ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಹಲವೊಮ್ಮೆ ರಸಾಯನ ಶಾಸ್ತ್ರ. ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತುಂಬಿದ ಸ್ವಿಚ್‌ಗೇರ್‌ನಲ್ಲಿ (ಹೆಚ್ಚಿನ ವೋಲ್ಟೇಜಿನ ವಿದ್ಯುತ್ತನ್ನು ಜೋಡಿಸುವ, ಕಡಿಯುವ ಸಾಧನ) ಆರ್ಕ್, ಅಂದರೆ ವಿದ್ಯುತ್ ಜ್ವಾಲೆ, ಹೊತ್ತಿದಾಗ ಅನಿಲ ಒಡೆಯುತ್ತದೆ. ತೇವದ ಸೋಂಕು ಸಿಕ್ಕರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ, ಅದು ಸಿಲಿಕಾವನ್ನು ತಿನ್ನುತ್ತದೆ. ಆದ್ದರಿಂದ ಅಲ್ಲಿ ವಾಹಕವನ್ನು ಹಿಡಿದು ನಿಲ್ಲಿಸುವ ಅವಾಹಕ ಸ್ಪೇಸರ್‌ಗಳಿಗೆ ಅಲ್ಯುಮಿನಾ. ಹೊರಾಂಗಣದ ಸಿಲಿಕೋನ್ ರಬ್ಬರ್ ಇನ್ಸುಲೇಟರ್‌ಗಳಲ್ಲಿ ಕಥೆ ಬೇರೆ. ಕೊಳೆ ಮತ್ತು ಮಂಜಿನ ಪದರ ಅಲ್ಲಲ್ಲಿ ಒಣಗಿ, ಒಣ ಪಟ್ಟಿಗಳ ಮೇಲೆ ಸಣ್ಣ ಆರ್ಕ್‌ಗಳು ಹೊತ್ತುತ್ತವೆ. ಅಲ್ಲಿ ಬೇಕಾದದ್ದು ಅಲ್ಯುಮಿನಿಯಂ ಹೈಡ್ರಾಕ್ಸೈಡ್, ವ್ಯವಹಾರದಲ್ಲಿ ಎಟಿಎಚ್. 200 ಡಿಗ್ರಿ ದಾಟಿದ ಮೇಲೆ ಅದು ತನ್ನ ತೂಕದ ಶೇ 34.6ರಷ್ಟನ್ನು ನೀರಾವಿಯಾಗಿ ಬಿಡುತ್ತದೆ, ಹಾಗೆ ಬಿಡುವಾಗ ಶಾಖವನ್ನು ನುಂಗುತ್ತದೆ. ಇದೇ ಗುಣದಿಂದ, 200 ಡಿಗ್ರಿ ಮೀರಿ ಕರಗಿಸಬೇಕಾದ ಪ್ಲಾಸ್ಟಿಕ್‌ಗಳಿಗೆ ಅದು ಆಗದು, ಯಂತ್ರದೊಳಗೇ ನೊರೆಯಾಗಿಬಿಡುತ್ತದೆ.

ನ್ಯಾನೋ ಪುಡಿಯ ಬಗ್ಗೆ 1994ರಲ್ಲಿ ಅವಾಹಕಗಳ ಸಂಶೋಧಕ ಟಿ. ಜೆ. ಲೂಯಿಸ್ ಬರೆದಾಗ ಅದು ಬಹುಮಟ್ಟಿಗೆ ಸಿದ್ಧಾಂತ. ಪ್ರಯೋಗಗಳ ಪ್ರವಾಹ 2000ದ ನಂತರ ಬಂತು. ತರ್ಕ ಸರಳ. 20 ನ್ಯಾನೋಮೀಟರ್ ವ್ಯಾಸದ ಕಣದ ಸುತ್ತ 10 ನ್ಯಾನೋಮೀಟರ್ ದಪ್ಪದ ರೆಸಿನ್ನಿನ ಗುಣ ಬದಲಾಗುತ್ತದೆ ಎಂದುಕೊಂಡರೆ, ಆ ಕವಚದ ಗಾತ್ರ ಕಣದ ಏಳು ಪಟ್ಟು. 10 ಮೈಕ್ರಾನ್ ಕಣಕ್ಕೆ ಅದೇ ಕವಚ ಶೇ 0.6 ಮಾತ್ರ. ಆದ್ದರಿಂದ ಗಾತ್ರದಲ್ಲಿ ಶೇ 5 ನ್ಯಾನೋ ಪುಡಿ ಇಡೀ ರೆಸಿನ್ನಿನ ಸ್ವಭಾವ ಬದಲಿಸಬಲ್ಲದು. ಆದರೆ ಪುಡಿ ಗಂಟುಕಟ್ಟಿದರೆ ಅದು ದುಬಾರಿ ಬೆಲೆಯ ಮೈಕ್ರಾನ್ ಪುಡಿಯೇ ಸರಿ. ಪ್ರಬಂಧಗಳಲ್ಲಿನ ಫಲಿತಾಂಶಗಳು ಒಂದರೊಡನೊಂದು ಜಗಳವಾಡುವುದಕ್ಕೆ ಅರ್ಧ ಕಾರಣ ಈ ಗಂಟುಗಳೆಂದು ನನ್ನ ಅಭಿಪ್ರಾಯ. ನ್ಯಾನೋ ಪುಡಿ ನಿಜವಾಗಿ ನೆಲೆಯೂರಿರುವುದು ಮೋಟಾರ್ ತಂತಿಯ ಮೇಲಿನ ತೆಳು ಅವಾಹಕ ಲೇಪವಾದ ಎನಾಮೆಲ್‌ನಲ್ಲಿ. ಇನ್ವರ್ಟರ್‌ನಿಂದ ಬರುವ ಚೂಪಾದ ಪಲ್ಸ್‌ಗಳು ಉದ್ದ ಕೇಬಲ್‌ನ ತುದಿಯಲ್ಲಿ ಪ್ರತಿಫಲಿಸಿ ಎರಡು ಪಟ್ಟಿನವರೆಗೂ ಏರುತ್ತವೆ. ಆಗ ಹುಟ್ಟುವ ಡಿಸ್ಚಾರ್ಜ್‌ಗಳು ಮೇಲಿನ ಪ್ಲಾಸ್ಟಿಕ್ಕನ್ನು ಸವೆಸಿದಂತೆ ಆಕ್ಸೈಡ್ ಕಣಗಳು ಹೊರಗೆ ಉಳಿದು ಕೆಳಗಿನ ಪದರಕ್ಕೆ ಗುರಾಣಿಯಾಗುತ್ತವೆ.

ಎರಕ ಸರಿಯಾಗಿದೆಯೇ ಎಂದು ತಿಳಿಯಲು ಪ್ರತ್ಯೇಕವಾಗಿ ಎರೆದ ಪುಟ್ಟ ಬಿಲ್ಲೆಯನ್ನು ನಾನು ನಂಬುವುದಿಲ್ಲ. ಕಣ ತಳಕ್ಕಿಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣ. ದಪ್ಪ ಎರಕ ನಿಧಾನವಾಗಿ ಗಟ್ಟಿಯಾಗುವಷ್ಟರಲ್ಲಿ ತಳ ಪುಡಿಯಿಂದ ಕಿಕ್ಕಿರಿದು, ಮೇಲ್ಭಾಗ ಬರಿಯ ರೆಸಿನ್ನಾಗಿ ಉಳಿಯಬಹುದು. ನಿಜವಾದ ಎರಕದ ಮೇಲಿಂದ ಒಂದು ತುಂಡು, ತಳದಿಂದ ಒಂದು ತುಂಡು ಕತ್ತರಿಸಿ, ಕುಲುಮೆಯಲ್ಲಿ ರೆಸಿನ್ ಸುಟ್ಟು, ಉಳಿದ ಬೂದಿಯನ್ನು ತೂಗಿ. ಎರಡೂ ಶೇಕಡಾವಾರು ಹೊಂದಬೇಕು. ಪುಡಿ ಎಟಿಎಚ್ ಆಗಿದ್ದರೆ ಬೂದಿಯಾಗಿ ಉಳಿಯುವುದು ಅಲ್ಯುಮಿನಾ ಮಾತ್ರ, ಹಾಗಾಗಿ ಹಾರಿಹೋದ ನೀರಿನ ಲೆಕ್ಕ ಸೇರಿಸಲು ಆ ತೂಕವನ್ನು 0.654ರಿಂದ ಭಾಗಿಸಬೇಕು.